ನಲವತ್ತು ನಿಮಿಷದ ಉತ್ತರ

ಒಂಟಿಕೊಪ್ಪಲ್, ಶುಕ್ರವಾರ

ಮಹೇಶ್ ಸರ್ ಅವರಿಗೆ ನಮಸ್ಕಾರ.

ನಾನು ಧರಣಿ, ಕುವೆಂಪುನಗರದ ನಿಮ್ಮ ಡೇಟಾಬೇಸ್ ಕೋರ್ಸಿನ ಹಳೇ ವಿದ್ಯಾರ್ಥಿನಿ. ನೀವು ಬಾಯಿಪಾಠ ಮಾಡಿಸಿದ ಉತ್ತರಗಳಿಂದಲೇ ನನಗೆ ಕೆಲಸ ಸಿಕ್ಕಿತು.

ನಿನ್ನೆ ಹೊಸಬರ ಸಂದರ್ಶನಕ್ಕೆ ನನ್ನನ್ನೇ ಕೂರಿಸಿದ್ದರು. ಅಕ್ಷತಾ ಎಂಬ ಹುಡುಗಿಯನ್ನು, "ಅಳಿಸಿಹೋದ ಡೇಟಾ ಯಾವತ್ತಾದ್ರೂ ವಾಪಸ್ ತಂದಿದ್ದೀರಾ?" ಎಂದು ಕೇಳಿದೆ.

"ಹೌದು ಮೇಡಂ, ಬ್ಯಾಕಪ್‌ನಿಂದ ನಲವತ್ತೇ ನಿಮಿಷದಲ್ಲಿ ತಂದೆ."

ಸರ್, ಅದು ನಿಮ್ಮ ನೋಟ್ಸಿನ ನಲವತ್ತು ನಿಮಿಷ. ನನ್ನ ಸಂದರ್ಶನದಲ್ಲಿ ನಾನೂ ಅದನ್ನೇ ಹೇಳಿದ್ದೆ. ಹೇಗೆ ತಂದಿರಿ ಎಂದು ಕೇಳೋಣವೆಂದರೆ ಅದರ ಉತ್ತರ ನನಗೇ ಗೊತ್ತಿಲ್ಲ.

"ಹುಡುಗಿ ಸರಿಯಾಗಿ ಹೇಳಿದ್ಳೇನ್ರೀ?" ಎಂದರು ಪಕ್ಕದಲ್ಲಿದ್ದ ನಮ್ಮ ಮ್ಯಾನೇಜರ್. ಹೂಂ ಎಂದುಬಿಟ್ಟೆ.

ನಮ್ಮ ಬ್ಯಾಚಿಗೆ ಒಮ್ಮೆಯೂ ತೆಗೆಯದ ನಿಮ್ಮ ಕಂಪ್ಯೂಟರ್ ಲ್ಯಾಬಿನ ಬೀಗವನ್ನು ದಯವಿಟ್ಟು ಈ ಭಾನುವಾರ ತೆಗೆಯಿರಿ. ಒಂದು ಸಲವಾದರೂ ನನ್ನ ಕೈಯಾರೆ ಮಾಡಿ ನೋಡಬೇಕು. ಸೋಮವಾರ ಅಕ್ಷತಾ ಕೆಲಸಕ್ಕೆ ಸೇರುತ್ತಾಳೆ. ಅವಳಿಗೆ ಕಲಿಸಬೇಕಾದವಳು ನಾನೇ.

ನಿಮ್ಮ ವಿದ್ಯಾರ್ಥಿನಿ,
ಧರಣಿ