ಗೂಡಿಲ್ಲದ ಸುರಂಗ

ಬರ್ ದುಬೈ, 12-2-1999

ಭಾವನವರಿಗೆ ಕೂಸಪ್ಪನ ನಮಸ್ಕಾರ.

ಈ ಊರಲ್ಲಿ ರೈಲೇ ಇಲ್ಲ, ಆದರೆ ಕ್ರೀಕ್ ಎಂಬ ಕಡಲ ಕಾಲುವೆಯ ನೀರಿನಡಿ ನಡೆದು ದಾಟುವ ಸುರಂಗವಿದೆ. ನಿನ್ನೆ ಅದರೊಳಗೆ ಮಗಳು ಹರಿಣಾಕ್ಷಿಗೆ ನಮ್ಮ ಘಾಟಿಯ ರೈಲು ಸುರಂಗದ ಚರಿತ್ರೆ ಹೇಳುತ್ತಿದ್ದೆ: ನಿಮ್ಮ ತಂದೆ ಕೊರೆದದ್ದು, ನಾವಿಬ್ಬರೂ ಕಾವಲು ಕಾದದ್ದು, ರೈಲು ನಿಂತ ಮೇಲೆ ಬಾವಲಿಗಳ ಪಾಲಾದದ್ದು. ಅಷ್ಟರಲ್ಲಿ ಹಿಂದೆ ಗಡಗಡ ಸದ್ದು. "ಗಾಡಿ ಬಂತು!" ಎಂದು ಕೂಗಿ ಮಗಳನ್ನೂ ಪಕ್ಕದಲ್ಲಿದ್ದ ಅರಬರೊಬ್ಬರನ್ನೂ ಗೋಡೆಗೆ ಒತ್ತಿ ಹಿಡಿದೆ. ಬಂದದ್ದು ಕಸದ ತಳ್ಳುಗಾಡಿ. ಅದು ದಾಟುವವರೆಗೂ ಆ ಪುಣ್ಯಾತ್ಮರು ಉಸಿರು ಬಿಗಿಹಿಡಿದು ನಿಂತು, "ಖಲಾಸ್?" ಎಂದು ಕೇಳಿದರು.

"ಎಂಥ ಅಪ್ಪ ಇದು, ಮಾನ ಹೋಯ್ತು!" ಎಂದ ಹರಿಣಾಕ್ಷಿ ಇನ್ನು ನನ್ನನ್ನು ದೋಣಿಯಲ್ಲೇ ದಾಟಿಸುತ್ತಾಳಂತೆ.

ಮೊಣಕಾಲು ನೋವು ಕಡಿಮೆಯಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಗಾಡಿ ಬಂದರೆ ಸರಿದು ನಿಲ್ಲಲು ಇಲ್ಲಿನ ಸುರಂಗದ ಗೋಡೆಯಲ್ಲಿ ನಮ್ಮದರಲ್ಲಿದ್ದಂಥ ಒಂದು ಗೂಡೂ ಇಲ್ಲ, ಭಾವ. ಇದನ್ನು ಪಾಸು ಮಾಡಿದ ಇಂಜಿನಿಯರ್ ಯಾರೋ!