ಅಪ್ಪನ ಕುರ್ಚಿಯ ಗಿಡ್ಡ ಕಾಲು

ತಮ್ಮಾ,

ಕುರ್ಚಿ ಕಾಣ್ತಿಲ್ಲ ಅಂತ ಗಾಬರಿಯಾಗಬೇಡ, ನಾನೇ ಒಯ್ದಿದ್ದೀನಿ. ಹಾಲು ಕಾಯಿಸಿದ್ದೀನಿ, ಕುಡಿ.

ನಿನ್ನೆ ಆ ಹಳೇ ಸಾಮಾನಿನ ವ್ಯಾಪಾರಿ, "ಮರ ಅಪ್ಪಟ ತೇಗ, ಆದ್ರೆ ಯಾರೋ ಒಂದು ಕಾಲು ಕುಯ್ದು ಕೆಡಿಸಿದಾರೆ, ಅರ್ಧ ಬೆಲೆನೇ" ಅಂದಾಗ ನೀನು ಕೋಲೆಬಸವನ ಹಾಗೆ ತಲೆಯಾಡಿಸಿದೆಯಲ್ಲ, ನನಗೆ ಮೈಯೆಲ್ಲ ಉರಿದುಹೋಯ್ತು. ಆ ಯಾರೋ ನಮ್ಮಪ್ಪ ಕಣೋ! ತನ್ನ ಗಡಿಯಾರದಂಗಡಿಯ ನೆಲ ಕಿಟಕಿ ಹತ್ತಿರ ಉಬ್ಬಿದೆ ಅಂತ ಕುಯ್ದಿದ್ದು.

ಬೆಳಗ್ಗೆ ನೀನು ಗೊರಕೆ ಹೊಡೀತಿದ್ದಾಗ ಅಲ್ಲಿಗೇ ಒಯ್ದು, ಅದರ ಹಳೇ ಜಾಗದಲ್ಲಿಟ್ಟು ಕೂತು ನೋಡಿದೆ. ಅಂಗಡಿ ಮುಚ್ಚಿದಾಗಿಂದ ಮನೆಯಲ್ಲಿ ಕುಂಟುತ್ತಿದ್ದ ಕುರ್ಚಿ ಒಂಚೂರೂ ಅಲ್ಲಾಡಲಿಲ್ಲ.

ಈಗ ಅಂಗಡಿ ಗುಡಿಸೋಕೆ ಹೊರಟೆ. ನೀನು ಮಂಚದ ಮೇಲೆ ಗಡಿಯಾರ ಬಿಚ್ಚಿ ರಿಪೇರಿ ಮಾಡಿದ್ದು ಸಾಕು, ಸಲಕರಣೆ ಪೆಟ್ಟಿಗೆ ತಗೊಂಡು ಅಂಗಡಿಗೆ ಬಾ. ದಾರೀಲಿ ಆ ವ್ಯಾಪಾರಿ ಸಿಕ್ಕಿದ್ರೆ, ಕುರ್ಚಿ ಕೆಲಸಕ್ಕೆ ಹೋಗಿದೆ ಅನ್ನು.

ಅಕ್ಕ