ಡಿವಿಡಿಯಲ್ಲಿ ಅಪ್ಪ

17 ಜೂನ್ 2025, ಮಂಗಳವಾರ

ಇವತ್ತೂ ಆ ಡಿವಿಡಿ ಪ್ಲೇಯರ್ ತಲೆ ತಿಂದಿತು. ತಮ್ಮನ ಮದುವೆಯ ಡಿಸ್ಕ್ ಹಾಕಿದರೆ ಸ್ವಲ್ಪ ಹೊತ್ತಿಗೆ ಚಿತ್ರ ಒಡೆದು ಮಾಯವಾಗುತ್ತದೆ, ದನಿ ಮಾತ್ರ ಉಳಿಯುತ್ತದೆ. ತೀರಿಹೋದ ಅಪ್ಪ ಓಡಾಡುವುದು ಅದೊಂದರಲ್ಲೇ. ಅಮ್ಮನಿಗೆ ತೋರಿಸಲೇಬೇಕೆಂಬ ಹಟ ನನ್ನದು. ವೈರ್ ಬದಲಿಸಿದೆ. ಮತ್ತಿಕೆರೆಯ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಚೆನ್ನಾಗಿಯೇ ಓಡಿತು. ಮನೆಗೆ ತಂದರೆ ಮತ್ತೆ ಅದೇ ಕಥೆ.

ಸಂಜೆ ಕಾರಣ ಹೊಳೆಯಿತು. ಧೂಳು ಕೂರದಿರಲೆಂದು ಅಮ್ಮ ಅದಕ್ಕೆ ಹೊದಿಸಿದ್ದ ಕಸೂತಿಯ ದಪ್ಪ ಬಟ್ಟೆಯನ್ನು ನಾವು ಓಡಿಸುವಾಗಲೂ ತೆಗೆಯುತ್ತಿರಲಿಲ್ಲ. ಪ್ಲೇಯರ್ ಕಾದ ಹೆಂಚಿನಂತಿತ್ತು. ಬಟ್ಟೆ ತೆಗೆದು, ಆರಲು ಬಿಟ್ಟು, ಮತ್ತೆ ಹಾಕಿದೆ. ಚಿತ್ರ ಒಮ್ಮೆಯೂ ಕದಡಲಿಲ್ಲ. ಅಪ್ಪ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಾ ಕ್ಯಾಮೆರಾ ನೋಡಿ ನಕ್ಕರು.

“ಆರ್ಸು ಕಣೆ, ಸಾಕು,” ಅಂದಳು ಅಮ್ಮ.

“ಯಾಕಮ್ಮ? ಈಗ್ ತಾನೇ ಸರಿಯಾಯ್ತು!”

“ಅವ್ರು ಹಂಗೇ ಅವ್ರೆ. ನನ್ ನೋಡು, ಅವ್ರ ತಾಯಿ ತರ ಆಗೋಗಿದೀನಿ.”

ತಮಾಷೆಯೆಂದು ನಕ್ಕೆ. ಅಮ್ಮ ನಗಲಿಲ್ಲ, ಎದ್ದು ಒಳಗೆ ಹೋದಳು.

ಚಿತ್ರ ಹೋದಾಗಲೆಲ್ಲ ಖಾಲಿ ಪರದೆಯ ಮುಂದೆ ಕೂತು ಅಪ್ಪನ ದನಿಗೆ ಹ್ಞೂಂಗುಡುತ್ತಾ ಎಷ್ಟು ಖುಷಿಯಾಗಿದ್ದಳು! ಹಾಗಾದರೆ ನಾನು ಇಷ್ಟು ದಿನ ಒದ್ದಾಡಿದ್ದು ಯಾರಿಗಾಗಿ? ನಾಳೆ ಅವಳೇ ಹಾಕು ಅಂದರೆ, ಚಿತ್ರ ಬರುವಂತೆ ಹಾಕಲೋ, ಇಲ್ಲಾ ಆ ಬಟ್ಟೆ ಹೊದಿಸಿಯೇ ಹಾಕಲೋ?